ಸ್ವಿಂಗ್ ಆರ್ಮ್ ಬುಷ್: ಮನೆಯ ಲೇಥ್‌ನಲ್ಲಿ ಮಾಡಿಕೊಂಡ ಬಗೆ

ಬೈಕಿನ ಹಿಂಚಕ್ರ ಅಡ್ಡಡ್ಡ ಅಲುಗಾಡುತ್ತಿದ್ದರೆ ಎಲ್ಲರೂ ಮೊದಲು ಚಕ್ರದ ಬೇರಿಂಗನ್ನೇ ಅನುಮಾನಿಸುತ್ತಾರೆ. ಬೇರಿಂಗ್ ಬದಲಿಸುವ ಮೊದಲು ಚಕ್ರವನ್ನು ಕಳಚಿಟ್ಟು, ಹಿಂಚಕ್ರವನ್ನು ಹೊತ್ತು ಮೇಲೆಕೆಳಗೆ ಆಡುವ ತೋಳು, ಅಂದರೆ ಸ್ವಿಂಗ್ ಆರ್ಮ್‌ನ ತುದಿಯನ್ನು ಹಿಡಿದು ಎಡಬಲಕ್ಕೆ ಎಳೆದು ನೋಡಬೇಕು. ನನ್ನ ಹಳೆಯ ಬೈಕಿನಲ್ಲಿ ಆಟವಿದ್ದದ್ದು ಅಲ್ಲಿಯೇ. ಆ ತೋಳು ತಿರುಗುವ ಜಾಗದಲ್ಲಿ ಕೂರುವ ಬಳೆಯಂಥ ಬುಷ್‌ಗಳು ಈಗ ತಯಾರಾಗುವುದಿಲ್ಲ. ಹೀಗಾಗಿ ಗನ್‌ಮೆಟಲ್‌ನಲ್ಲಿ (ತಾಮ್ರ, ತವರ, ಸತುವಿನ ಮಿಶ್ರಲೋಹ) ನಾನೇ ಮಾಡಿಕೊಳ್ಳಲು ಹೊರಟೆ. ನಿಜ ಹೇಳಬೇಕೆಂದರೆ, ಲೇಥ್ ಕೊಂಡಿದ್ದೇ ಇಂಥ ನೆಪಗಳಿಗಾಗಿ.

ಹಳೆಯ ಬುಷ್ ಕೀಳುವುದು ಒರಟು ಕೆಲಸ. ಸುತ್ತಿಗೆಯಿಂದ ಬಡಿದರೆ ಬುಷ್ ಕೂತಿರುವ ಆರ್ಮ್‌ನ ಕೊಳವೆಯ ಬಾಯಿ ಮಡಚಿಕೊಳ್ಳುತ್ತದೆ. ಹ್ಯಾಕ್ಸಾ ಬ್ಲೇಡನ್ನು ಬುಷ್‌ನೊಳಗೆ ತೂರಿಸಿ, ಉದ್ದಕ್ಕೂ ಒಂದು ಸೀಳು ಕೊಯ್ದೆ. ಬ್ಲೇಡು ಕೊಳವೆಗೆ ತಾಗುವ ಮೊದಲೇ ನಿಲ್ಲಿಸಿದೆ. ಬಿಗಿತ ಸಡಿಲವಾದ ಮೇಲೆ ಥ್ರೆಡ್ ರಾಡ್ ಮತ್ತು ಎರಡು ಸಾಕೆಟ್‌ಗಳಿಂದ ಎಳೆದರೆ ಸಲೀಸಾಗಿ ಬರುತ್ತದೆ.

ಖಾಲಿಯಾದ ರಂಧ್ರ ನನ್ನ ಬೈಕಿನಲ್ಲಿ 28 ಮಿ.ಮೀ. ಇತ್ತು. ಅದನ್ನು ಅಳೆದ ಮೇಲೆಯೇ ಬುಷ್‌ನ ಹೊರವ್ಯಾಸ ನಿರ್ಧಾರವಾಗುವುದು. ಇಲ್ಲಿ ವರ್ನಿಯರ್ ಸಾಲದು. ಟೆಲಿಸ್ಕೋಪಿಕ್ ಗೇಜನ್ನು ರಂಧ್ರದಲ್ಲಿ ಬಿಡಿಸಿ, ಅದನ್ನು ಮೈಕ್ರೋಮೀಟರ್‌ನಲ್ಲಿ ಓದಬೇಕು. ಒಂದೇ ಕಡೆಯಲ್ಲ, ಸುತ್ತಲೂ, ಆಳದಲ್ಲೂ. ಹಳೆಯ ಕೊಳವೆಗಳು ಮೊಟ್ಟೆಯಾಕಾರಕ್ಕೆ ತಿರುಗಿರುವುದು ಅಪರೂಪವಲ್ಲ. ಬಿಗಿತಕ್ಕೆಂದು ನಾನು ಇಟ್ಟುಕೊಂಡದ್ದು 0.035 ಮಿ.ಮೀ. ಅಂದರೆ ಬುಷ್‌ನ ಹೊರವ್ಯಾಸ 28.035. ನನ್ನ ಪುಟ್ಟ ಲೇಥ್ ಇಷ್ಟು ನಯವಾದ ಅಳತೆ ಕೊಡುತ್ತದೆಯೇ ಎಂದು ಕೇಳುವವರಿದ್ದಾರೆ. ಕೊಡುತ್ತದೆ, ಆದರೆ ಅದನ್ನು ಪುಸಲಾಯಿಸಬೇಕು.

ಮೊದಲ ಉಪಾಯ ಲೋಹ ಕತ್ತರಿಸುವ ಟೂಲ್‌ನದು. ಹಗುರ ಯಂತ್ರದಲ್ಲಿ ಕಾರ್ಬೈಡ್ ತುಂಡುಗಳಿಗಿಂತ ಕೈಯಲ್ಲಿ ಸಾಣೆ ಹಿಡಿದ ಹೈಸ್ಪೀಡ್ ಸ್ಟೀಲ್ ಟೂಲ್ ನನಗೆ ಇಷ್ಟ. ಹರಿತ ಹೆಚ್ಚು, ಒತ್ತಡ ಕಡಿಮೆ. ಗನ್‌ಮೆಟಲ್‌ಗೆ ಟೂಲ್‌ನ ಮೇಲ್ಮುಖ ಸಮತಟ್ಟಾಗಿರಬೇಕು. ಉಕ್ಕಿಗೆ ಕೊಡುವ ಇಳಿಜಾರು ಕೊಟ್ಟರೆ ಲೋಹ ಟೂಲನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಡ್ರಿಲ್ ಬಿಟ್‌ಗೂ ಇದೇ ತೊಂದರೆ, ಅದಕ್ಕಾಗಿ ಅದರ ಕತ್ತರಿಸುವ ಅಂಚನ್ನು ಸಾಣೆಕಲ್ಲಿನಿಂದ ಒಂದಿಷ್ಟು ಚಪ್ಪಟೆ ಮಾಡಿಕೊಳ್ಳುತ್ತೇನೆ. ವೇಗದ ಲೆಕ್ಕ ಸುಲಭ: ನಿಮಿಷಕ್ಕೆ 60 ಮೀಟರ್ ಎಂದು ಹಿಡಿದರೆ, 32 ಮಿ.ಮೀ. ಸರಳಿಗೆ ನಿಮಿಷಕ್ಕೆ ಸುಮಾರು 600 ಸುತ್ತು.

ಎರಡನೆಯದು ಕಾಂಪೌಂಡ್ ಸ್ಲೈಡಿನದು, ಅಂದರೆ ಟೂಲನ್ನು ಹೊತ್ತು ಬೇಕಾದ ಕೋನಕ್ಕೆ ತಿರುಗುವ ಚಿಕ್ಕ ಜಾರುಪಟ್ಟಿಯದು. ಅದನ್ನು ಲೇಥ್‌ನ ಅಕ್ಷಕ್ಕೆ ಸುಮಾರು 5.7 ಡಿಗ್ರಿ ಓರೆಯಾಗಿ ತಿರುಗಿಸಿಟ್ಟರೆ, ಸ್ಲೈಡ್ 0.1 ಮಿ.ಮೀ. ಸರಿದಾಗ ಟೂಲ್ ಒಳಗೆ ಹೋಗುವುದು 0.01 ಮಾತ್ರ. ವ್ಯಾಸದಲ್ಲಿ 0.02 ಇಳಿಯುತ್ತದೆ. ಹಿಡಿ ಹಿಂದೆಮುಂದೆ ಮಾಡುವಾಗ ಸ್ಕ್ರೂವಿನ ಸಡಿಲ ಆಟ ಲೆಕ್ಕ ಕೆಡಿಸದಂತೆ ಯಾವಾಗಲೂ ಒಂದೇ ದಿಕ್ಕಿನಿಂದ ಗುರಿ ಮುಟ್ಟಬೇಕು. ಕೊನೆಯಲ್ಲಿ ಡಯಲ್ ಮುಟ್ಟದೆಯೇ ಇನ್ನೊಮ್ಮೆ ಟೂಲ್ ಹಾಯಿಸಿ ನೋಡಿ. ಬಾಗಿದ್ದ ಟೂಲ್ ನೆಟ್ಟಗಾಗುತ್ತ ಮತ್ತಷ್ಟು ಲೋಹವನ್ನು ಸವರಿಕೊಂಡು ಬರುತ್ತದೆ. ಈ ಖಾಲಿ ಸುತ್ತು ಇಲ್ಲದೆ ಅಳೆದ ಅಳತೆಯನ್ನು ನಾನು ನಂಬುವುದಿಲ್ಲ.

ಅಳತೆಗೆ ಮೊದಲು ತಣಿಯಲು ಬಿಡಬೇಕು. ಗನ್‌ಮೆಟಲ್ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 18 ಮೈಕ್ರಾನ್ ಹಿಗ್ಗುತ್ತದೆ; ತುಂಡು ಕೋಣೆಗಿಂತ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ 28 ಮಿ.ಮೀ. ವ್ಯಾಸದಲ್ಲಿ 0.01 ಮಿ.ಮೀ. ಹೆಚ್ಚು ತೋರಿಸುತ್ತದೆ. ನಾವಿಟ್ಟ ಬಿಗಿತದ ಮೂರನೆಯ ಒಂದು ಭಾಗದಷ್ಟು ಅಲ್ಲೇ ಮಾಯ.

ಒಳರಂಧ್ರ ಕೊರೆಯುವಾಗ ಬೋರಿಂಗ್ ಬಾರ್ (ಒಳಗೆ ಕಡೆಯುವ ಟೂಲನ್ನು ಹಿಡಿದ ಸರಳು) ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು. ಉಕ್ಕಿನ ಬಾರ್ ತನ್ನ ದಪ್ಪದ ನಾಲ್ಕು ಪಟ್ಟಿಗಿಂತ ಹೆಚ್ಚು ಚಾಚಿಕೊಂಡರೆ ಕಂಪಿಸಿ ಮೇಲ್ಮೈಯನ್ನು ಗೀಚಿಹಾಕುತ್ತದೆ. ನನಗೆ ಬೇಕಿದ್ದ ಅಂತಿಮ ರಂಧ್ರ 20 ಮಿ.ಮೀ., ಆದರೆ ಲೇಥ್‌ನಲ್ಲಿ 19.9ಕ್ಕೆ ನಿಲ್ಲಿಸಿದೆ. ಬುಷ್ ಕೊಳವೆಯೊಳಗೆ ಬಿಗಿದು ಕೂತಾಗ ಒಳರಂಧ್ರವೂ ಕುಗ್ಗುತ್ತದೆ. ಮೊದಲೇ ಪೂರ್ತಿ ಅಳತೆಗೆ ಕೊರೆದು ಆಮೇಲೆ ಒಳಗೆ ಕೂರಬೇಕಾದ ಭಾಗ ಹಿಡಿಸಲಿಲ್ಲವೆಂದು ಗೊಣಗುವವರಿಗೆ ಈ ಕುಗ್ಗುವಿಕೆಯೇ ಉತ್ತರ.

ಕೂರಿಸುವಾಗ ಶಾಖ ಕೆಲಸ ಮಾಡುತ್ತದೆ, ಸುತ್ತಿಗೆಯಲ್ಲ. ಬುಷ್‌ಗಳನ್ನು ಫ್ರಿಜ್‌ನ ಫ್ರೀಜರ್‌ನಲ್ಲಿಟ್ಟೆ. 25 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದರೆ ವ್ಯಾಸ 0.022 ಮಿ.ಮೀ. ಕುಗ್ಗುತ್ತದೆ. ಸ್ವಿಂಗ್ ಆರ್ಮ್‌ನ ಉಕ್ಕಿನ ಕೊಳವೆಯನ್ನು ಹಾಟ್ ಏರ್ ಗನ್‌ನಿಂದ 100 ಡಿಗ್ರಿಯಷ್ಟು ಬಿಸಿ ಏರಿಸಿದರೆ ಅದರ ರಂಧ್ರ 0.034 ಹಿಗ್ಗುತ್ತದೆ. ಎರಡೂ ಕೂಡಿ 0.056, ಬಿಗಿತ 0.035 ಕಳೆದರೂ 0.02ರಷ್ಟು ಸಡಿಲು ಸಿಗುತ್ತದೆ. ಕೆಲ ಸೆಕೆಂಡುಗಳೊಳಗೆ ನೆಟ್ಟಗೆ ಇಳಿಸಬೇಕು, ಅಷ್ಟೇ. ತಡವಾದರೆ ಥ್ರೆಡ್ ರಾಡ್ ಇದ್ದೇ ಇದೆ. ಈ ಬಿಸಿ ಕೆಲಸ ಆರ್ಮನ್ನು ಬೈಕಿನಿಂದ ಪೂರ್ತಿ ಬಿಡಿಸಿಯೇ ಮಾಡಬೇಕು. ಪೆಟ್ರೋಲ್ ಟ್ಯಾಂಕಿನ ಬಳಿ ಶಾಖಕ್ಕೆ ಜಾಗವಿಲ್ಲ.

ಆಮೇಲೆ ರೀಮರ್, ಅಂದರೆ ರಂಧ್ರವನ್ನು ತುಸುವೇ ಸವರಿ ನಿಖರ ಅಳತೆಗೆ ತರುವ ಉಪಕರಣ. ಎರಡು ಬದಿಯ ಬುಷ್‌ಗಳು ಒಂದೇ ಗೆರೆಯಲ್ಲಿರಬೇಕಾದ್ದರಿಂದ ರೀಮರ್‌ಗೆ ಉದ್ದನೆಯ ದಂಡ ಜೋಡಿಸಿ, ಅದು ಎದುರಿನ ಬುಷ್‌ನಲ್ಲಿ ಕೂರಿಸಿದ ಗೈಡ್ ಮೂಲಕ ಹಾಯುವಂತೆ ಮಾಡಿದೆ. ಆ ಗೈಡನ್ನೂ ಅದೇ ಲೇಥ್‌ನಲ್ಲಿ ಮಾಡಿದ್ದು. ರೀಮರನ್ನು ಹಿಂದಕ್ಕೆ ತಿರುಗಿಸಬಾರದು, ಹೊರತೆಗೆಯುವಾಗಲೂ ಮುಂದಕ್ಕೇ ತಿರುಗಿಸಬೇಕು. ಇಲ್ಲದಿದ್ದರೆ ಅಂಚು ಹೋಗುತ್ತದೆ.

ರಂಧ್ರ ಸಿದ್ಧವಾದ ಮೇಲೆಯೇ ಒಳಗಿನ ಉಕ್ಕಿನ ಸ್ಲೀವ್‌ಗೆ, ಅಂದರೆ ಎರಡೂ ಬುಷ್‌ಗಳ ಮೂಲಕ ಹಾಯುವ ತೆಳು ಕೊಳವೆಗೆ, ಕೈ ಹಾಕಿದೆ. ಹೊರವ್ಯಾಸವನ್ನು ಬೇಕಾದಷ್ಟಕ್ಕೆ ತರುವುದು ರಂಧ್ರವನ್ನು ತರುವುದಕ್ಕಿಂತ ಎಷ್ಟೋ ಸುಲಭ. ಹಾಗಾಗಿ ರೀಮರ್ ಕೊಟ್ಟ ರಂಧ್ರಕ್ಕೆ ಸ್ಲೀವನ್ನು ಹೊಂದಿಸುವುದೇ ಸರಿಯಾದ ಕ್ರಮ. 0.03ರಿಂದ 0.04 ಮಿ.ಮೀ. ಸಡಿಲು ಇಟ್ಟೆ, ಗ್ರೀಸಿಗೆ ಅಷ್ಟು ಜಾಗ ಬೇಕು. ಸ್ಲೀವ್ ಉದ್ದದಲ್ಲಿ ಎರಡು ಬುಷ್‌ಗಳ ಹೊರ ಅಂಚುಗಳ ನಡುವಿನ ಅಂತರಕ್ಕಿಂತ 0.2 ಮಿ.ಮೀ. ಹೆಚ್ಚಿರಬೇಕು. ನಟ್ ಬಿಗಿದಾಗ ಒತ್ತಡವೆಲ್ಲ ಸ್ಲೀವ್ ಮೇಲೆ ಬೀಳುತ್ತದೆ, ಬುಷ್ ಮಾತ್ರ ಸ್ವತಂತ್ರವಾಗಿ ತಿರುಗುತ್ತದೆ. ಸ್ಲೀವ್ ಗಿಡ್ಡವಾದರೆ ನಟ್ ಬಿಗಿಯುತ್ತಿದ್ದಂತೆ ಆರ್ಮ್ ಹಿಡಿದುಬಿಡುತ್ತದೆ.

ಜೋಡಣೆಯಲ್ಲಿ ಒಂದು ವ್ಯತ್ಯಾಸ ಗಮನಿಸಿ. ರಬ್ಬರ್ ಬುಷ್ ಇರುವ ಬೈಕಿನಲ್ಲಿ ಸ್ಪಿಂಡಲ್ (ಆರ್ಮ್ ತಿರುಗುವ ಅಚ್ಚು) ನಟ್ಟನ್ನು ಬೈಕ್ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಕೊನೆಯ ಬಾರಿ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಲೋಹದ ಬುಷ್‌ಗೆ ಆ ನಿಯಮವಿಲ್ಲ. ಸ್ಟ್ಯಾಂಡ್ ಮೇಲಿದ್ದಾಗಲೇ ಬಿಗಿಯಬಹುದು. ಅದಕ್ಕೆ ಬದಲಾಗಿ ಅದು ಗ್ರೀಸ್ ಕೇಳುತ್ತದೆ. ಕೊಳವೆಯ ನಡುವೆ ಗ್ರೀಸ್ ನಿಪ್ಪಲ್‌ಗೆಂದು (ಗ್ರೀಸ್ ತುಂಬುವ ಬಾಯಿ) 5 ಮಿ.ಮೀ. ರಂಧ್ರ ಕೊರೆದು, 6 ಮಿ.ಮೀ. ಟ್ಯಾಪ್ ಹಾಕಿದೆ. ಗ್ರೀಸ್ ಗನ್ ಒತ್ತಿದಾಗ ಗ್ರೀಸ್ ಎರಡೂ ಬದಿಯಿಂದ ಒಂದೇ ಸಮನೆ ಹೊರಬರಬೇಕು. ಒಂದೇ ಬದಿಯಿಂದ ಬಂದರೆ ಇನ್ನೊಂದು ಬದಿಯ ಬುಷ್‌ಗೆ ಗ್ರೀಸ್ ತಲುಪುತ್ತಿಲ್ಲ; ಮತ್ತೆ ಬಿಚ್ಚಿ ಆ ಬುಷ್‌ನ ಒಳಮೈಯಲ್ಲಿ ಗ್ರೀಸಿನ ಕಾಲುವೆ ಕೆತ್ತಬೇಕು.