ಮನೆಶಾಲೆಯಲ್ಲಿ ಕ್ರೈಸ್ತ ಸಾಹಿತ್ಯದ ಕೈಪಿಡಿ: ಬಳಸುವುದು ಹೇಗೆ?

ಒಂದು ಕಥೆಯನ್ನೋ ಕಾದಂಬರಿಯನ್ನೋ ಭಾಗ ಭಾಗವಾಗಿ ಓದಿಸಿ, ಪ್ರತಿ ಭಾಗದ ಕೊನೆಗೂ ಪದಾಭ್ಯಾಸ, ಗ್ರಹಿಕೆಯ ಪ್ರಶ್ನೆ, ಉಪಮೆ ರೂಪಕಗಳ ಪರಿಚಯ ಮತ್ತು ಸತ್ಯವೇದದ, ಅಂದರೆ ಬೈಬಲಿನ, ವಾಕ್ಯಗಳೊಡನೆ ಹೋಲಿಸಿ ಯೋಚಿಸುವ ಕೆಲಸವನ್ನು ಜೋಡಿಸಿಕೊಡುವ ಪುಸ್ತಕವನ್ನು ಕ್ರೈಸ್ತ ಸಾಹಿತ್ಯದ ಅಧ್ಯಯನ ಕೈಪಿಡಿ, ಅಂದರೆ ಸ್ಟಡಿ ಗೈಡ್, ಎನ್ನುತ್ತಾರೆ. ಉತ್ತರಗಳು ಕೊನೆಯ ಪುಟಗಳಲ್ಲಿರುತ್ತವೆ. ನಮಗೆ ಸಿಗುವ ಹೆಚ್ಚಿನ ಕೈಪಿಡಿಗಳು ಅಮೆರಿಕದ ಹೋಮ್‌ಸ್ಕೂಲ್ ಕುಟುಂಬಗಳಿಗಾಗಿ ಇಂಗ್ಲಿಷಿನಲ್ಲಿ ಬರೆದವು. ಅವುಗಳನ್ನು ತೀರ್ಥಹಳ್ಳಿಯ ಕಡೆಯ ಒಂದು ತೋಟದ ಮನೆಯಲ್ಲಿ, ಕನ್ನಡದಲ್ಲಿ ಕನಸು ಕಾಣುವ ಮಕ್ಕಳಿಗೆ ಹೇಗೆ ಒಗ್ಗಿಸಿಕೊಳ್ಳಬಹುದು ಎಂಬುದನ್ನು ನನ್ನ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಾ ನಾನು ನಿಧಾನವಾಗಿ ಕಲಿತೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕವನ್ನೂ ಕೈಪಿಡಿಯನ್ನೂ ಒಟ್ಟಿಗೇ ಮಗಳ ಕೈಗೆ ಕೊಟ್ಟೆ. ಅವಳು ಪ್ರಶ್ನೆಯನ್ನು ಓದಿಕೊಂಡು, ಉತ್ತರವಿರುವ ಸಾಲನ್ನು ಪುಟಗಳಲ್ಲಿ ಹುಡುಕಿ ತೆಗೆದು, ಅಂದವಾಗಿ ಬರೆದು ಮುಗಿಸಿದಳು. ಎಲ್ಲ ಉತ್ತರಗಳೂ ಸರಿಯಾಗಿದ್ದವು, ಆದರೆ ಕಥೆ ಹೇಳು ಎಂದರೆ ಹೇಳಲು ಅವಳಿಗೆ ಬರಲಿಲ್ಲ.

ಕ್ರಮಕ್ಕೆ ಬರುವ ಮುನ್ನ ಕಾನೂನಿನ ವಿಷಯವಾಗಿ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು; ಮನೆಶಾಲೆಗೆಂದೇ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ನಮ್ಮಲ್ಲಿಲ್ಲ. ಹೀಗಾಗಿ ಹಲವು ಕುಟುಂಬಗಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ ಹಿಡಿಯುತ್ತವೆ. ಅಲ್ಲಿ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೆಯ ತರಗತಿಗೆ ಸಮಾನ. 14 ತುಂಬಿದ ಮೇಲೆ 10ನೆಯ ತರಗತಿಯ ಮಟ್ಟದ ಪರೀಕ್ಷೆಗೆ ಹೆಸರು ಕೊಡಬಹುದು. ಸಾಹಿತ್ಯದ ಕೈಪಿಡಿ ಈ ಪರೀಕ್ಷೆಗಳ ಪಠ್ಯಕ್ಕೆ ಬದಲಿಯಾಗಲಾರದು. ಭಾಷಾ ಪತ್ರಿಕೆಗೆ ಬೇಕಾದ ಓದು ಬರಹದ ಅಭ್ಯಾಸವನ್ನು ಮಾತ್ರ ಅದು ಗಟ್ಟಿ ಮಾಡುತ್ತದೆ.

ಮೊದಲ ಹೆಜ್ಜೆಯಾಗಿ, ಆಯ್ದುಕೊಂಡ ಕೃತಿಯನ್ನು ತಂದೆ ಅಥವಾ ತಾಯಿ ಪೂರ್ತಿಯಾಗಿ ಓದಿ ಮುಗಿಸಬೇಕು. ಕೈಪಿಡಿಯಲ್ಲಿರುವ ಸಾರಾಂಶವನ್ನು ನಂಬಿ ಕುಳಿತರೆ ಸಾಲದು. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ, ಸ್ವರ್ಗದ ಪಟ್ಟಣಕ್ಕೆ ಹೊರಟ ಯಾತ್ರಿಕನ ಕಥೆಯನ್ನೇ ತೆಗೆದುಕೊಳ್ಳೋಣ. ಪಾತ್ರೆಗಳಿಗೆ ತೇಪೆ ಹಾಕುವ ಕಸುಬಿನ ಮನೆಯಲ್ಲಿ ಹುಟ್ಟಿ, ಅನುಮತಿಯಿಲ್ಲದೆ ಬೋಧಿಸಿದ್ದಕ್ಕಾಗಿ 1660ರಿಂದ 12 ವರ್ಷ ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದವನು ಬನ್ಯನ್. ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲೇ ಈ ಕೃತಿಯನ್ನು 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಮರಣದ ನೆರಳಿನ ಕಣಿವೆಯನ್ನು ದಾಟಿದ ಕೂಡಲೇ ಯಾತ್ರಿಕನಿಗೆ ಒಂದು ಗವಿ ಎದುರಾಗುತ್ತದೆ. ಹಿಂದೆ ಅದರಲ್ಲಿ ಪೋಪ್ ಮತ್ತು ಪೇಗನ್ ಎಂಬ ಇಬ್ಬರು ದೈತ್ಯರು ವಾಸವಾಗಿದ್ದರೆಂದು ಬನ್ಯನ್ ಬರೆಯುತ್ತಾನೆ. ಶಿವಮೊಗ್ಗದ ಕಥೋಲಿಕ ಮನೆಯ ಮಗುವಿಗೆ ಈ ಪುಟ ನೋವು ತರಬಹುದು. ನೆರೆಯವರನ್ನು ಅನ್ಯರೆಂದು ಕರೆಯುವ ಈ 'ಪೇಗನ್' ಪದವು ಆ ನೆರೆಯವರ ಮನೆಯಂಗಳದಲ್ಲೇ ಆಡಿ ಬೆಳೆಯುವ ಯಾವ ಮಗುವಿಗೂ ಗೊಂದಲ ತರುತ್ತದೆ. ಪುಟವನ್ನು ಹರಿದು ಹಾಕುವುದು ಬೇಡ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ರೈಸ್ತ ಪಂಗಡಗಳ ನಡುವೆ ಇದ್ದ ಕಲಹವೇನು, ಬರೆದವನು ಏನನ್ನು ಅನುಭವಿಸಿದ್ದ ಎಂಬುದನ್ನು ಓದುವ ದಿನವೇ ತಿಳಿಸಬೇಕು. ಹಿರಿಯರು ಮುಂಚಿತವಾಗಿ ಓದಿರದಿದ್ದರೆ ಅದು ಸಾಧ್ಯವಾಗುವುದಿಲ್ಲ.

ಎರಡನೆಯದು ಕಾಲದ ಲೆಕ್ಕ. ಕೈಪಿಡಿಗಳು ಸಾಮಾನ್ಯವಾಗಿ ಎಂಟು ಹತ್ತು ವಾರಗಳ ಅಳತೆಯಲ್ಲಿರುತ್ತವೆ, ಆದರೆ ಆ ವಾರಗಳಿಗೆ ಮಲೆನಾಡಿನ ಪಂಚಾಂಗ ಗೊತ್ತಿಲ್ಲ. ಜೂನ್ ಕಳೆದರೆ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇರುವುದಿಲ್ಲವಾದ್ದರಿಂದ, ಡಿಜಿಟಲ್ ಕಡತವಾಗಿ ಕೊಂಡ ಕೈಪಿಡಿಯನ್ನು ಮೇ ತಿಂಗಳಲ್ಲೇ ಮುದ್ರಿಸಿ ಹೊಲಿದಿಟ್ಟುಕೊಳ್ಳಬೇಕು. ಒಂದು ಕುಟುಂಬಕ್ಕೆಂದು ಕೊಂಡ ಪ್ರತಿಯನ್ನು ಜೆರಾಕ್ಸ್ ಮಾಡಿ ಇತರ ಮನೆಗಳಿಗೆ ಹಂಚಲು ಅನುಮತಿ ಇದೆಯೇ ಎಂದು ಮೊದಲ ಪುಟದಲ್ಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಹಂಚಬಾರದು. ಮಳೆಗಾಲ ಬರವಣಿಗೆಗೆ ಹೇಳಿ ಮಾಡಿಸಿದ ಕಾಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಬರೆಯಲು ಪುರುಸೊತ್ತಿರುವುದಿಲ್ಲ, ಆದರೆ ರಾತ್ರಿ ಅಡಿಕೆ ಸುಲಿಯುವಾಗ ಒಬ್ಬರು ಓದಿದರೆ ಉಳಿದವರು ಕೇಳಬಹುದು. ನಮ್ಮ ಮನೆಯಲ್ಲಿ ಅತ್ಯುತ್ತಮ ಓದು ನಡೆದಿರುವುದು ಮೆಟ್ಟುಗತ್ತಿಯ ಸುತ್ತಲೇ.

ಮೂರನೆಯ ಹೆಜ್ಜೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ: ಕೈಪಿಡಿಯನ್ನು ಮುಚ್ಚಿಟ್ಟು, ಆ ವಾರದ ಭಾಗವನ್ನು ಗಟ್ಟಿಯಾಗಿ ಓದಬೇಕು. ಓದು ಮುಗಿದ ಮೇಲೆ ಮಗು ಅದನ್ನು ತನ್ನ ಮಾತಿನಲ್ಲಿ, ಮನೆಯ ಕನ್ನಡದಲ್ಲಿ, ಹಿಂದಿರುಗಿ ಹೇಳಬೇಕು. ಹೇಳುವಾಗ ಎಲ್ಲಿ ತಡವರಿಸಿತು, ಯಾವ ಪ್ರಸಂಗವನ್ನು ಬಿಟ್ಟಿತು, ಎಲ್ಲಿ ಅದರ ದನಿ ಏರಿತು ಎಂಬುದನ್ನು ಗುರುತು ಮಾಡಿಕೊಳ್ಳಿ. ಕೈಪಿಡಿಯ ಇಪ್ಪತ್ತು ಪ್ರಶ್ನೆಗಳಲ್ಲಿ ಯಾವ ಐದನ್ನು ಕೇಳಬೇಕೆಂಬುದನ್ನು ಈ ಗುರುತುಗಳೇ ತೋರಿಸಿಕೊಡುತ್ತವೆ.

ಇನ್ನು ಪದಗಳು. ಯಾತ್ರಿಕನ ಕಥೆಯ ಆರಂಭದಲ್ಲೇ ಬರುವ 'ಸ್ಲೌ' ಎಂಬ ಪದದ ಮುಂದೆ ಕೈಪಿಡಿ ಒಂದು ಖಾಲಿ ಗೆರೆ ಬಿಟ್ಟಿರುತ್ತದೆ. ನಿಘಂಟಿನಲ್ಲಿ ಸಿಗುವ 'ಜೌಗು' ಎಂಬ ಅರ್ಥವನ್ನು ಮಗು ಬರೆದು ಮರೆಯುತ್ತದೆ. ಅದೇ 'ಹುದುಲು' ಎಂದು ಹೇಳಿ ನೋಡಿ. ಗದ್ದೆಯ ಹುದುಲಿನಲ್ಲಿ ಮೊಣಕಾಲವರೆಗೆ ಹೂತುಕೊಂಡ ದನವನ್ನು ನಾಲ್ಕು ಜನ ಹಗ್ಗ ಹಾಕಿ ಎಳೆದದ್ದನ್ನು ಕಂಡ ಮಗುವಿಗೆ ನಿರಾಶೆಯ ಹುದುಲು ಎಂದರೇನು ಎಂದು ವಿವರಿಸಬೇಕಾಗಿಲ್ಲ. ಸಿ. ಎಸ್. ಲೂಯಿಸರ ನಾರ್ನಿಯಾ ಕಥೆಗಳಲ್ಲಿ 1950ರಲ್ಲಿ ಬಂದ ಮೊದಲನೆಯದರಲ್ಲಿ ಎಡ್ಮಂಡ್ ಎಂಬ ಹುಡುಗ ಒಂದು ಸಿಹಿತಿಂಡಿಯ ಆಸೆಗೆ ಮಾಟಗಾತಿಯ ಮಾತು ಕೇಳುತ್ತಾನಲ್ಲ, ಆ ಟರ್ಕಿಶ್ ಡಿಲೈಟ್ ನಮ್ಮ ಹಾಲುಬಾಯಿಯಂತೆ ಮೆತ್ತಗಿರುವ ತುಂಡು ಎಂದರೆ ಸಾಕು. ಆದರೆ ಎಲ್ಲಕ್ಕೂ ಊರಿನ ಸಾಟಿ ಹುಡುಕಲು ಹೋಗಬೇಡಿ. ಅದೇ ಕಥೆಯಲ್ಲಿ ಬರುವ, ಕ್ರಿಸ್ಮಸ್ಸೇ ಬಾರದ ನಿರಂತರ ಚಳಿಗಾಲವನ್ನು ಆಗುಂಬೆಯ ಮಳೆಗೆ ಹೋಲಿಸಿದರೆ ಅರ್ಥ ಕೆಡುತ್ತದೆ, ಏಕೆಂದರೆ ನಮ್ಮ ಮಳೆ ಶಾಪವಲ್ಲ, ಗದ್ದೆಯ ಜೀವ. ಅಂಥ ಕಡೆ ಹಿಮವನ್ನು ಹಿಮವೆಂದೇ ಕಲ್ಪಿಸಿಕೊಳ್ಳಲು ಮಗುವನ್ನು ಬಿಡಬೇಕು. ಪದಗಳಿಗೆಂದು ಬೇರೆಯದೇ ಒಂದು ನೋಟುಪುಸ್ತಕವಿರಲಿ. ಇಂಗ್ಲಿಷ್ ಪದ, ಪುಸ್ತಕದ ಕನ್ನಡ, ಮನೆಯ ಕನ್ನಡ ಎಂಬ ಮೂರು ಅಂಕಣಗಳಿರಲಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಮೂರನೆಯ ಅಂಕಣದ ಪದಗಳನ್ನು ಹುಡುಕುವುದು ಹಿರಿಯ ಮಕ್ಕಳಿಗೆ ಒಳ್ಳೆಯ ಅಭ್ಯಾಸ. ಒಬ್ಬ ಮಿಷನರಿ ನಮ್ಮ ಭಾಷೆಗೆ ಎಷ್ಟು ವರ್ಷಗಳ ದುಡಿಮೆ ಕೊಟ್ಟರು ಎಂಬುದೂ ಆಗ ಕೈಗೆ ತಾಗುತ್ತದೆ.

ಪ್ರಶ್ನೆಗಳನ್ನು ಕೇಳುವಾಗ ಎರಡು ರಾಶಿ ಮಾಡಿಕೊಳ್ಳಿ. ಕಥೆಯೊಳಗೇ ಉತ್ತರವಿರುವವು ಒಂದು, ಕಥೆಯಿಂದ ಹೊರಗೆ ನಮ್ಮನ್ನು ಕರೆದೊಯ್ಯುವವು ಇನ್ನೊಂದು. ಮೊದಲ ರಾಶಿ ಮುಗಿಯದೆ ಎರಡನೆಯದನ್ನು ಮುಟ್ಟಬಾರದು. ಹುದುಲಿನ ಪ್ರಸಂಗದಲ್ಲಿ ನಾನು ಕೇಳಿದ ಪ್ರಶ್ನೆ ಇದು: ಜೊತೆಯಲ್ಲಿ ಬಿದ್ದ 'ಪ್ಲಯಬಲ್', ಅಂದರೆ ಎತ್ತ ಎಳೆದರೆ ಅತ್ತ ವಾಲುವವನು, ತಾನಾಗಿಯೇ ಎದ್ದು ಹೋದ, ಯಾತ್ರಿಕನಿಗೆ ಮಾತ್ರ ಬೇರೆಯವರು ಕೈ ಕೊಡಬೇಕಾಯಿತು, ಏಕೆ? ಮಗ ಮತ್ತೆ ಪುಟ ತೆರೆದ. ವಾಲುವವನು ಎದ್ದದ್ದು ತನ್ನ ಮನೆಯ ಕಡೆಯ ದಡಕ್ಕೆ. ಯಾತ್ರಿಕನು ಬೆನ್ನ ಮೇಲಿನ ಹೊರೆಯೊಡನೆ ಆಚೆಯ ದಡಕ್ಕೇ ಹೋಗಲು ಹೆಣಗುತ್ತಿದ್ದ. ಇದನ್ನು ಅವನೇ ಕಂಡುಕೊಂಡ ಮೇಲೆ ಸತ್ಯವೇದದ ಕೀರ್ತನೆ 40ರ ಎರಡನೆಯ ವಚನವನ್ನು, ಕೆಸರಿನೊಳಗಿಂದ ಎತ್ತಿ ಬಂಡೆಯ ಮೇಲೆ ನಿಲ್ಲಿಸುವ ಆ ಮಾತನ್ನು, ಓದಿದೆವು. ಬನ್ಯನ್ ಆ ವಚನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾನೆ. ವಚನವನ್ನು ಮೊದಲು ಓದಿ ಪ್ರಶ್ನೆಯನ್ನು ಆಮೇಲೆ ಕೇಳಿದ್ದರೆ ಮಗ ದಡದ ವಿಷಯವನ್ನು ನೋಡುತ್ತಲೇ ಇರಲಿಲ್ಲ.

ಸತ್ಯವೇದದ ಭಾಗಗಳನ್ನು ಕೈಪಿಡಿಯ ಪುಟದಿಂದ ಓದದೆ, ಸತ್ಯವೇದವನ್ನೇ ತೆರೆದು, ಹಿಂದುಮುಂದಿನ ವಚನಗಳ ಸಮೇತ ಓದಬೇಕು. ಟಾಲ್‌ಸ್ಟಾಯ್ 1886ರಲ್ಲಿ ಬರೆದ, ಮನುಷ್ಯನಿಗೆ ಎಷ್ಟು ಭೂಮಿ ಬೇಕು ಎಂದು ಕೇಳುವ ಕಥೆಯನ್ನು ಓದಿಸಿದಾಗ ಇದು ನನಗೆ ಸ್ಪಷ್ಟವಾಯಿತು. ಸೂರ್ಯ ಮುಳುಗುವುದರೊಳಗೆ ನಡೆದು ಸುತ್ತಿದಷ್ಟು ನೆಲ ತನ್ನದು ಎಂಬ ಕರಾರಿಗೆ ಒಪ್ಪಿ, ಓಡಿ ಓಡಿ ಸತ್ತುಹೋಗುವ ಪಖೋಮನ ಕಥೆ ಅದು. ಬಗರ್‌ಹುಕುಂ ಅರ್ಜಿ, ಸರ್ವೆ, ಬೇಲಿಯ ಜಗಳಗಳ ನಡುವೆ ಬೆಳೆಯುವ ಮಲೆನಾಡಿನ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಜೋಡಿಯಾಗಿ ಓದಬೇಕಾದದ್ದು ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಬರುವ ಐಶ್ವರ್ಯವಂತನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಅಧ್ಯಾಯವನ್ನೇ ತೆರೆದಾಗ ಮಗಳು 13ನೆಯ ವಚನದಲ್ಲಿ ನಿಂತಳು: ಪಿತ್ರಾರ್ಜಿತದಲ್ಲಿ ಪಾಲು ಕೊಡುವಂತೆ ಅಣ್ಣನಿಗೆ ಹೇಳು ಎಂದು ಒಬ್ಬನು ಯೇಸುವನ್ನು ಕೇಳಿದ್ದರಿಂದಲೇ ಆ ಸಾಮ್ಯ ಹೊರಟಿತ್ತು. ಹಿಸ್ಸೆಯ ವ್ಯಾಜ್ಯ ಯಾವ ಊರಿಗೂ ಹೊಸದಲ್ಲ. ಅಷ್ಟೇ ಅಲ್ಲ, ಸಾಮ್ಯದ ಧನಿಕ ಕೂಡಿಟ್ಟದ್ದು ಸ್ವಂತ ಹೊಲದ ಬೆಳೆ, ಪಖೋಮ ಬಯಸಿದ್ದು ಇನ್ನೊಬ್ಬರ ನೆಲ, ಹಾಗಾದರೆ ಇಬ್ಬರೂ ಒಂದೇ ಹೇಗೆ ಎಂದು ಅವಳು ಕೇಳಿದಳು. ಅದಕ್ಕೆ ಸಿದ್ಧ ಉತ್ತರ ನನ್ನ ಬಳಿ ಇರಲಿಲ್ಲ. ಆ ವಾರದ ಬರವಣಿಗೆಗೆ ಅದನ್ನೇ ವಿಷಯವಾಗಿ ಕೊಟ್ಟೆ.

ಹಿಂಬದಿಯ ಉತ್ತರಗಳನ್ನು ಹಿರಿಯರು ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಪದಾರ್ಥ, ಪಾತ್ರಗಳ ಹೆಸರು, ಘಟನೆಗಳ ಕ್ರಮ ಇವುಗಳಿಗೆ ಅವು ಅಳತೆಗೋಲು. ಅಭಿಪ್ರಾಯದ ಪ್ರಶ್ನೆಗಳಲ್ಲಿ ಮಗುವಿನ ಉತ್ತರ ಬೇರೆಯಾಗಿದ್ದರೆ, ಕಥೆಯ ಯಾವ ಸಾಲು ಅದಕ್ಕೆ ಆಧಾರ ಎಂದು ಕೇಳಿ; ಆಧಾರ ತೋರಿಸಿದರೆ ಒಪ್ಪಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಯಾತ್ರಿಕನ ಕಥೆಯ ವ್ಯರ್ಥತೆಯ ಜಾತ್ರೆಯನ್ನು ಓದುವಾಗ, ನಿಮ್ಮ ಊರಿನಲ್ಲಿ ಇಂಥದ್ದು ಯಾವುದಿದೆ ಎಂಬ ಪ್ರಶ್ನೆ ಬಂದರೆ ಮಗು ಥಟ್ಟನೆ ಸಾಗರದ ಮಾರಿಕಾಂಬಾ ಜಾತ್ರೆಯನ್ನು ಹೆಸರಿಸಬಹುದು. ಆ ಹೋಲಿಕೆ ನೆರೆಯವರ ಭಕ್ತಿಗೆ ಅನ್ಯಾಯ, ಪಠ್ಯಕ್ಕೂ ಅನ್ಯಾಯ. ಬನ್ಯನ್ನನ ಜಾತ್ರೆಯಲ್ಲಿ ಮಾರಾಟಕ್ಕಿರುವುದು ಮನೆ, ಜಮೀನು, ಪದವಿ, ಬಿರುದು, ರಾಜ್ಯಗಳು. ಸುಳ್ಳಾಡಲು ಒಪ್ಪದ, ನಂಬಿಗಸ್ತ ಎಂಬ ಹೆಸರಿನ ಜೊತೆ ಯಾತ್ರಿಕನನ್ನು ಕೊಲ್ಲುವುದು ಅಲ್ಲಿನ ನ್ಯಾಯಾಲಯ. ಮಾರಬಾರದದ್ದನ್ನು ಮಾರುವ ಸ್ಥಳ ಯಾವುದು ಎಂದು ಪ್ರಶ್ನೆಯನ್ನು ತಿದ್ದಿ ಕೇಳಿದರೆ, ಮಗು ಮೊದಲು ಮೊಬೈಲಿನ ಜಾಹೀರಾತುಗಳತ್ತ, ಆಮೇಲೆ ಚುನಾವಣೆಯ ದಿನಗಳತ್ತ ನೋಡುತ್ತದೆ.

ಎರಡು ಮೂರು ಕೈಪಿಡಿಗಳನ್ನು ಹೀಗೆ ಮುಗಿಸಿದ ಕುಟುಂಬವು ತಾನೇ ಒಂದನ್ನು ಬರೆಯಬಹುದು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಶಿಲುಬೆಯ ಮರಣವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದಿದ್ದಾರೆ. ಬುದ್ಧನನ್ನು ಕುರಿತು 'ವೈಶಾಖಿ'ಯನ್ನೂ ಅವರೇ ಬರೆದರು. ಹದಿನೈದು ದಾಟಿದವರು ಓದಬೇಕಾದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ನಮ್ಮ ತೀರ್ಥಹಳ್ಳಿ ಸೀಮೆಗೆ ಬರುವ ಪಾದ್ರಿ ಜೀವರತ್ನಯ್ಯನಿದ್ದಾನೆ. ಹೊರಗಿನವರ ಕಣ್ಣಿಗೆ ಕ್ರೈಸ್ತರಾದ ನಾವು ಹೇಗೆ ಕಂಡೆವು ಎಂದು ಅಲ್ಲಿ ಓದಬಹುದು. ಈ ವರ್ಷ ಈಸ್ಟರಿಗೆ ಮುನ್ನ ಬರುವ ತಪಸ್ಸು ಕಾಲದಲ್ಲಿ ನಾವು 'ಗೊಲ್ಗೊಥಾ'ವನ್ನು ಎತ್ತಿಕೊಳ್ಳುತ್ತಿದ್ದೇವೆ. ದಿನಕ್ಕೆ ಇಪ್ಪತ್ತು ಸಾಲು ಸಾಕೆಂದು ಲೆಕ್ಕ ಹಾಕಿದ್ದೇನೆ. ಮೊದಲ ವಾರಕ್ಕೆ ಬರೆದಿಟ್ಟ ಪ್ರಶ್ನೆಗಳು ಮೂರೇ: ಸುವಾರ್ತೆಗಳಲ್ಲಿ ಇದ್ದು ಕವಿ ಬಿಟ್ಟದ್ದು ಏನು, ಅಲ್ಲಿ ಇಲ್ಲದ್ದನ್ನು ಸೇರಿಸಿದ್ದು ಏನು, ಗಟ್ಟಿಯಾಗಿ ಓದುವಾಗ ನಾಲಗೆ ತೊಡರಿದ ಪದ ಯಾವುದು.