ರೆಪೊಸಿಟರಿ ವಿಳಾಸ ಇಲ್ಲದ ಪ್ಯಾಕೇಜುಗಳ ಜಾಡು ಹಿಡಿದದ್ದು

ನಾವು ಬಳಸುವ ಪ್ರತಿ ಪ್ಯಾಕೇಜಿನ (ಸಿದ್ಧ ಕೋಡಿನ ಕಟ್ಟು) ಮೂಲ ಕೋಡ್ ಯಾವ ರೆಪೊಸಿಟರಿಯಲ್ಲಿ, ಅಂದರೆ ಯಾವ ಕೋಡ್ ಸಂಗ್ರಹದಲ್ಲಿ, ಇದೆ ಅಂತ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಲೈಸೆನ್ಸ್ ಪರಿಶೀಲನೆಗೆ ಅದು ಬೇಕಿತ್ತು. ಸ್ಕ್ರಿಪ್ಟ್ ಓಡಿಸಿದಾಗ ಹೆಚ್ಚಿನವಕ್ಕೆ ವಿಳಾಸ ಸಿಕ್ಕಿತು. ಉಳಿದವುಗಳ ಪ್ಯಾಕೇಜ್.ಜೆಸನ್‌ನಲ್ಲಿ (ಜಾವಾಸ್ಕ್ರಿಪ್ಟ್ ಪ್ಯಾಕೇಜಿನ ವಿವರ ಇರುವ ಫೈಲ್) 'ರೆಪೊಸಿಟರಿ' ಅನ್ನೋ ಸಾಲೇ ಇರಲಿಲ್ಲ.

ಅದರಲ್ಲಿ ಕೆಲವು ನಮ್ಮವೇ. ಹೊರಗೆ ಪಬ್ಲಿಷ್ ಮಾಡುವಂಥವಲ್ಲ. ಅವಕ್ಕೆ 'ಪ್ರೈವೇಟ್: ಟ್ರೂ' ಅಂತ ಹಾಕಿ ಪಟ್ಟಿಯಿಂದ ಕೈಬಿಟ್ಟೆ.

ಕೆಲಸ ಇದ್ದದ್ದು ಬೇರೆಯವರ ಪ್ಯಾಕೇಜುಗಳಲ್ಲಿ. ಗಿಟ್‌ಹಬ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಏನೋ ಒಂದು ಸಿಕ್ಕೇ ಸಿಗುತ್ತದೆ. ಆದರೆ ಅದು ಯಾರೋ ಮಾಡಿಕೊಂಡ ನಕಲು (ಫೋರ್ಕ್) ಇರಬಹುದು, ಸುಮ್ನೆ ಅದೇ ಹೆಸರಿನ ಬೇರೆ ಪ್ರಾಜೆಕ್ಟ್ ಇರಬಹುದು. ಹಾಗಾಗಿ ನಾನು ಮೊದಲು ನೋಡುವುದು 'ಗಿಟ್‌ಹೆಡ್'. ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಫೋಲ್ಡರಿನಿಂದ ಪಬ್ಲಿಷ್ ಮಾಡಿದರೆ, ಜಾವಾಸ್ಕ್ರಿಪ್ಟ್‌ನ ಪ್ಯಾಕೇಜ್ ಸಾಧನ ಎನ್‌ಪಿಎಂ ಆ ಕಮಿಟ್‌ನ (ದಾಖಲಾದ ಬದಲಾವಣೆ) ಹ್ಯಾಶ್, ಅಂದರೆ ಗುರುತು ಸಂಖ್ಯೆಯನ್ನು ತಾನೇ ಸೇರಿಸಿರುತ್ತದೆ. 'ಎನ್‌ಪಿಎಂ ವ್ಯೂ' ಜೊತೆ ಪ್ಯಾಕೇಜಿನ ಹೆಸರು, 'ಗಿಟ್‌ಹೆಡ್' ಎರಡನ್ನೂ ಕೊಟ್ಟರೆ ಕಾಣುತ್ತದೆ. ಸಿಕ್ಕ ರೆಪೊವನ್ನು ಕ್ಲೋನ್ ಮಾಡಿ ಆ ಕಮಿಟ್ ಇದೆಯಾ ನೋಡುತ್ತೇನೆ. ಇದ್ದರೆ ಒಳ್ಳೆಯ ಸುಳಿವು, ಅಷ್ಟೇ. ಫೋರ್ಕ್‌ಗಳಲ್ಲೂ ಅದೇ ಕಮಿಟ್ ಇರುತ್ತದಲ್ವಾ?

ಆಮೇಲೆ 'ಎನ್‌ಪಿಎಂ ಪ್ಯಾಕ್'ನಿಂದ ಟಾರ್‌ಬಾಲ್ (ಪಬ್ಲಿಷ್ ಆದ ಫೈಲುಗಳ ಒಂದು ಕಟ್ಟು) ಇಳಿಸಿ, ಬಿಚ್ಚಿ, ರೆಪೊದಲ್ಲಿ ಅದೇ ಆವೃತ್ತಿಯ ಗುರುತಾದ ಟ್ಯಾಗ್ ಜೊತೆ ಡಿಫ್ ಮಾಡಿ ವ್ಯತ್ಯಾಸ ನೋಡುತ್ತೇನೆ. 'ಡಿಸ್ಟ್' ಫೋಲ್ಡರ್ ಸಾಮಾನ್ಯವಾಗಿ ಗಿಟ್‌ನಲ್ಲಿ ಇರುವುದಿಲ್ಲ, ಅದು ಬಿಲ್ಡ್ ಆದದ್ದು. ಅದನ್ನು ಬಿಟ್ಟು ಬೇರೆ ಯಾವ ಫೈಲ್ ಟಾರ್‌ಬಾಲ್‌ನಲ್ಲಿ ಮಾತ್ರ ಇದೆಯೋ, ಅದನ್ನು ತೆರೆದು ಓದುತ್ತೇನೆ. ಇದು ಅತಿಯಾಯಿತು ಅನ್ನುವವರಿಗೆ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್ ಆದ ಎಕ್ಸ್‌ಝೆಡ್‌ನ 2024ರ ಪ್ರಕರಣ ನೆನಪಿಸುತ್ತೇನೆ. ಅದರ 5.6.0 ಮತ್ತು 5.6.1 ಆವೃತ್ತಿಗಳ ಟಾರ್‌ಬಾಲ್‌ಗಳಲ್ಲಿ ಬ್ಯಾಕ್‌ಡೋರ್ (ಕದ್ದು ಒಳನುಗ್ಗುವ ದಾರಿ) ಅನ್ನು ಎಬ್ಬಿಸುತ್ತಿದ್ದ, ಬಿಲ್ಡ್ ವೇಳೆ ಓಡುವ ಎಂ4 ಸ್ಕ್ರಿಪ್ಟ್ ಗಿಟ್ ರೆಪೊದಲ್ಲಿ ಇರಲೇ ಇಲ್ಲ. ವಿಳಾಸ ಸರಿ ಇದ್ದ ಮಾತ್ರಕ್ಕೆ ಒಳಗಿರುವುದೂ ಅದೇ ಅನ್ನಲಾಗದು.

ಪೈಥಾನ್‌ನಲ್ಲಿ ತಕರಾರು ಬೇರೆ ಥರ. ಅಲ್ಲಿ 'ಪ್ರಾಜೆಕ್ಟ್ ಯುಆರ್‌ಎಲ್' ಲೇಬಲ್ ಏನು ಬೇಕಾದರೂ ಇಡಬಹುದು. ಒಬ್ಬರು 'ಸೋರ್ಸ್' ಅಂತಾರೆ, ಇನ್ನೊಬ್ಬರು 'ಕೋಡ್', ಮತ್ತೊಬ್ಬರು ರೆಪೊ ಲಿಂಕನ್ನೇ 'ಹೋಮ್‌ಪೇಜ್' ಅಂತ ಹಾಕಿರುತ್ತಾರೆ. ಒಂದೇ ಲೇಬಲ್ ಹುಡುಕುವ ಸ್ಕ್ರಿಪ್ಟ್ ಇವನ್ನೆಲ್ಲ 'ಇಲ್ಲ' ಪಟ್ಟಿಗೆ ತಳ್ಳುತ್ತದೆ. ಎಲ್ಲ ಲೇಬಲ್‌ಗಳನ್ನೂ ನೋಡುವ ಹಾಗೆ ತಿದ್ದಿದ ಮೇಲೆ ಪಟ್ಟಿ ಎಷ್ಟೋ ಚಿಕ್ಕದಾಯಿತು. ರಸ್ಟ್ ಭಾಷೆಯವರದ್ದು ವಾಸಿ. ಅವರ ಪ್ಯಾಕೇಜ್ ಸಾಧನ ಕಾರ್ಗೊ, ಗಿಟ್‌ನಿಂದ ಪ್ಯಾಕ್ ಮಾಡುವಾಗ ಕಮಿಟ್ ಹ್ಯಾಶ್ ಇರುವ ಸಣ್ಣ ಜೆಸನ್ ಫೈಲನ್ನು ಕ್ರೇಟ್‌ನೊಳಗೇ (ರಸ್ಟ್‌ನ ಪ್ಯಾಕೇಜ್) ಇಟ್ಟಿರುತ್ತದೆ.

ಸಿಕ್ಕ ವಿಳಾಸವನ್ನು, ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವ ನೋಡ್_ಮಾಡ್ಯೂಲ್ಸ್ ಫೋಲ್ಡರಿನೊಳಗೆ ಬರೆಯಬೇಡಿ. ಮುಂದಿನ ಇನ್‌ಸ್ಟಾಲ್‌ಗೆ ಅಳಿಸಿಹೋಗಬಹುದು. ನಾನು ಬೇರೆ ಫೈಲಿನಲ್ಲಿ ಹೆಸರು, ಆವೃತ್ತಿ, ವಿಳಾಸ, ಕಮಿಟ್, ಹೇಗೆ ಖಚಿತವಾಯಿತು ಅಂತ ಬರೆದಿಡುತ್ತೇನೆ. ಖಚಿತವಾಗದಿದ್ದರೆ ವಿಳಾಸದ ಜಾಗ ಖಾಲಿ. ಊಹೆ ಮಾಡಿ ತುಂಬಿದ ಲಿಂಕ್‌ಗಿಂತ ಖಾಲಿ ಜಾಗವೇ ಮೇಲು. ಅದನ್ನು ನೋಡಿದವರು ಒಂದು ಪ್ರಶ್ನೆಯಾದರೂ ಕೇಳುತ್ತಾರೆ.

ಜೊತೆಗೆ ಮೂಲ ಪ್ರಾಜೆಕ್ಟಿಗೆ 'ರೆಪೊಸಿಟರಿ' ಸಾಲು ಸೇರಿಸುವ ಒಂದು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸುತ್ತೇನೆ. ಒಂದೇ ರೆಪೊದಲ್ಲಿ ಹಲವು ಪ್ಯಾಕೇಜ್ ಇದ್ದರೆ, ಯಾವ ಫೋಲ್ಡರಿನಲ್ಲಿದೆ ಅಂತ ಹೇಳುವ 'ಡೈರೆಕ್ಟರಿ' ಸಾಲನ್ನೂ ಸೇರಿಸುತ್ತೇನೆ. ಅದನ್ನು ಅವರು ಸೇರಿಸಿಕೊಂಡರೂ (ಮರ್ಜ್) ಫಲ ಸಿಗುವುದು ಮುಂದಿನ ಆವೃತ್ತಿಯಲ್ಲಿ. ಆಗಲೇ ಪಬ್ಲಿಷ್ ಆದದ್ದು ಬದಲಾಗುವುದಿಲ್ಲ. ಹಾಗಾಗಿ ಹಳೇ ಆವೃತ್ತಿ ಬಳಕೆಯಲ್ಲಿರುವ ತನಕ ನಮ್ಮ ಫೈಲಿನ ಆ ಸಾಲನ್ನು ಅಳಿಸುವಂತಿಲ್ಲ.