ಸೊನ್ನೆಯೇ ತಿರುಗಣಿ: ಋಣ ಭಿನ್ನರಾಶಿ, ದಶಮಾಂಶಗಳನ್ನು ಕ್ರಮಕ್ಕೆ ತಂದ ನನ್ನ ಅನುಭವ

ಏಳನೇ ತರಗತಿಯ ಭಾಗಲಬ್ಧ ಸಂಖ್ಯೆಗಳ ಪಾಠಕ್ಕೆ ನಾನು ಹಗ್ಗದ ಸುರುಳಿ ಹಿಡಿದು ಹೊರಟಾಗ ಸ್ಟಾಫ್ ರೂಮಿನಲ್ಲಿದ್ದ ಹಿರಿಯ ಮೇಷ್ಟ್ರೊಬ್ಬರು ಒಂದೇ ಮಾತು ಕೇಳಿದರು: "ಲ.ಸಾ.ಅ. ಬಿಟ್ಟು ಹಗ್ಗ ಹಿಡಿದಿದ್ದೀರಲ್ಲ ಮೇಡಂ, ಪರೀಕ್ಷೆಯಲ್ಲಿ ಹಗ್ಗ ಕೊಡ್ತಾರಾ?" ಕೊಡುವುದಿಲ್ಲ, ನನಗೂ ಗೊತ್ತು. (ಲ.ಸಾ.ಅ. ಎಂದರೆ ಲಘುತಮ ಸಾಮಾನ್ಯ ಅಪವರ್ತ್ಯ, ಛೇದಗಳನ್ನು ಸಮ ಮಾಡಲು ಬಳಸುವುದು.) ಆದರೆ ಈ ಸಲ 40 ಚಿಲ್ಲರೆ ಮಕ್ಕಳಲ್ಲಿ ಹೆಚ್ಚುಕಡಿಮೆ 35 ಮಂದಿ -5/8, 0.07, -0.6, 2/3, 0, -2/3 ಇಷ್ಟನ್ನೂ ತಪ್ಪಿಲ್ಲದೆ ಏರಿಕೆ ಕ್ರಮದಲ್ಲಿ ಬರೆದರು. ಹಿಂದಿನ ವರ್ಷ ಇಂಥದ್ದೇ ಪ್ರಶ್ನೆಗೆ ಸರಿ ಬರೆದವರು 12 ಮಂದಿ ಇರಬಹುದು. ಅಂಕ ನೋಡಿದ ಮೇಲೆ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ. ಭಿನ್ನರಾಶಿ ಎಂದರೇನು, ಛೇದ ಸಮ ಮಾಡುವುದು ಹೇಗೆ ಎಂಬುದೆಲ್ಲ ಪಾಠ ಮಾಡುವವರಿಗೆ ಗೊತ್ತಿರುವುದೇ, ಅದನ್ನು ಇಲ್ಲಿ ಎತ್ತುವುದಿಲ್ಲ.

ಮೊದಲು ಸೋತ ಕಥೆ. ನಾನೂ ಲ.ಸಾ.ಅ. ಹಾದಿಯಲ್ಲೇ ಸುಮಾರು ಹತ್ತು ವರ್ಷ ನಡೆದವಳು. -7/12, -5/8, -11/18 ಕೊಟ್ಟರೆ ಮಕ್ಕಳು 72ರ ಛೇದಕ್ಕೆ ತಂದು -42/72, -45/72, -44/72 ಎಂದು ಅಚ್ಚುಕಟ್ಟಾಗಿ ಬರೆಯುತ್ತಿದ್ದರು. ಎಂಟು ಹತ್ತು ಸಾಲು ಲೆಕ್ಕ, ಒಂದೂ ತಪ್ಪಿಲ್ಲ. ಕೊನೆಯ ಸಾಲಿಗೆ ಬಂದಾಗ 42, 44, 45 ಎಂಬ ಕ್ರಮದಲ್ಲೇ ಜೋಡಿಸಿ ಎಲ್ಲದಕ್ಕೂ ಋಣ ಚಿಹ್ನೆ ಅಂಟಿಸಿ ಮುಗಿಸಿಬಿಡುವರು. ಪೂರ್ತಿ ಉಲ್ಟಾ. ಓರೆ ಗುಣಾಕಾರ ಇನ್ನೂ ಅಪಾಯದ್ದು. 3/(-4) ಮತ್ತು (-5)/7 ಹೋಲಿಸಿ ಎಂದರೆ 3×7=21, (-5)×(-4)=20, ಆದ್ದರಿಂದ ಮೊದಲನೆಯದೇ ದೊಡ್ಡದು ಎಂದು ಬರೆಯುತ್ತಾರೆ. ನಿಜದಲ್ಲಿ -0.75 ಚಿಕ್ಕದು, -0.714… ದೊಡ್ಡದು. ಛೇದದಲ್ಲಿ ಋಣ ಇದ್ದರೆ ಮೊದಲು ಅದನ್ನು ಅಂಶಕ್ಕೆ ದಾಟಿಸಬೇಕು ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೇಳಿದ್ದು ನೋಟ್ಸಿನಲ್ಲಿ ಉಳಿಯಿತು, ತಲೆಗೆ ಹೋಗಲಿಲ್ಲ.

ಆಮೇಲೆ ಸಾಲದ ಕಥೆ ಹೇಳಿ ನೋಡಿದೆ. ಋಣ ಎಂದರೆ ಸಾಲವೇ ಅಲ್ಲವೇ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ನಿಯಮಗಳನ್ನು ಬರೆದಾಗಲೂ ಧನ, ಋಣ ಎಂದೇ ಕರೆದ. ಕೂಡಿಸುವ ಕಳೆಯುವ ಪಾಠಕ್ಕೆ ಈ ಕಥೆ ಬಂಗಾರ. ಹೋಲಿಸುವ ಪಾಠಕ್ಕೆ ತಂದರೆ ಕೈಕೊಡುತ್ತದೆ. "0.75 ಸಾಲ ದೊಡ್ಡದೋ 0.5 ಸಾಲ ದೊಡ್ಡದೋ?" ಎಂದರೆ 0.75 ಸಾಲವೇ ದೊಡ್ಡದು, ಮಗು ಹೇಳುವುದು ಸರಿ. ಅದೇ ಮಗು -0.75 > -0.5 ಎಂದು ಬರೆದರೆ ನಾನು ತಪ್ಪು ಹಾಕಬೇಕು! ಆಗ ಹೊಳೆಯಿತು, ಇಲ್ಲಿ ಕಾಡುತ್ತಿರುವುದು 'ದೊಡ್ಡದು' ಎಂಬ ಪದ. ಮರುದಿನದಿಂದ ಸುಮಾರು ಮೂರು ವಾರ ಆ ಪದವನ್ನೇ ತರಗತಿಯಿಂದ ಹೊರಗಿಟ್ಟೆ. "ಯಾವುದು ಬಲಕ್ಕಿದೆ, ಯಾವುದು ಎಡಕ್ಕಿದೆ?" ಇಷ್ಟೇ ಪ್ರಶ್ನೆ. ದೊಡ್ಡದು, ಚಿಕ್ಕದು ಎಂಬ ಮಾತು ಬಂದದ್ದು ಕೊನೆಯ ಎರಡು ತರಗತಿಗಳಲ್ಲಿ. ನನ್ನ ಇಡೀ ವಿಧಾನದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ ಎಂದು ನನ್ನ ನಂಬಿಕೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಬಲ ಎಡ ಎಂದ ಮೇಲೆ ಸಂಖ್ಯಾರೇಖೆ ಬೇಕಲ್ಲ. ಗೋಡೆಯುದ್ದಕ್ಕೂ -2ರಿಂದ 2ರವರೆಗೆ ಪ್ರತಿ ದಶಾಂಶಕ್ಕೂ ಗೆರೆಯಿರುವ ಫ್ಲೆಕ್ಸ್ ಮಾಡಿಸಿದೆ, ಸ್ವಂತ ದುಡ್ಡಿನಲ್ಲಿ. ನೋಡಲು ಬಹಳ ಚೆಂದ, ಉಪಯೋಗ ಸೊನ್ನೆ. ಗೆರೆ ಮೊದಲೇ ಬರೆದಿದ್ದರೆ ಮಕ್ಕಳು ಯೋಚಿಸುವುದೇ ಇಲ್ಲ, ಓದುತ್ತಾರೆ. 2/3ಕ್ಕೆ ಅದರಲ್ಲಿ ಗೆರೆಯೂ ಇರಲಿಲ್ಲ, "ಮಿಸ್, ಇದಕ್ಕೆ ಜಾಗ ಇಲ್ಲ" ಎಂದು ಕಾರ್ಡು ವಾಪಸ್ ತಂದುಕೊಟ್ಟರು. ಆಯಸ್ಕಾಂತದ ಬಿಲ್ಲೆಗಳು ಬೇರೆ ತಂದಿದ್ದೆ, ಅವು ಎರಡೇ ವಾರದಲ್ಲಿ ಜಾರತೊಡಗಿದವು. ಕೊನೆಗೆ ಗೆದ್ದ ಹಗ್ಗ, ಕ್ಲಿಪ್ಪು, ರಟ್ಟು ಎಲ್ಲ ಸೇರಿ ಆದ ಖರ್ಚು ಆ ಫ್ಲೆಕ್ಸಿಗೆ ಸುರಿದದ್ದರ 1/10ರಷ್ಟೂ ಇರಲಿಲ್ಲ. ಫ್ಲೆಕ್ಸ್ ಈಗಲೂ ಬೀರುವಿನ ಮೇಲಿದೆ. ಅದರ ಹಿಂಬದಿಯ ಬಿಳಿ ಭಾಗ ಮಾತ್ರ ಬಳಕೆಯಲ್ಲಿದೆ.

ಈಗ ವಿಧಾನ. ಹಗ್ಗದ ಮೇಲೆ ಸೊನ್ನೆ, ಅರ್ಧ, ಒಂದು ಈ ಮೂರೇ ಗುರುತು, ಅದೂ ಸೊನ್ನೆಯ ಬಲಕ್ಕೆ ಮಾತ್ರ. ಎಡಗಡೆಯ ಹಗ್ಗವೇ ಇಲ್ಲ. ಸೊನ್ನೆಯ ತುದಿಯನ್ನು ಒಬ್ಬಳು ಅಲುಗಾಡದೆ ಹಿಡಿದು ನಿಲ್ಲುತ್ತಾಳೆ, ಇನ್ನೊಂದು ತುದಿ ಇನ್ನೊಬ್ಬನ ಕೈಯಲ್ಲಿ. ಕಾರ್ಡಿನ ಮುಂದೆ 0.3, ಬೆನ್ನಿಗೆ -0.3. ಮುಂದೆ 5/8, ಬೆನ್ನಿಗೆ -5/8. ಮೊದಲು ಧನ ಮುಖವನ್ನೇ ತರಗತಿಗೆ ತೋರಿಸಿ ಎಲ್ಲವನ್ನೂ ಸಿಕ್ಕಿಸಬೇಕು. ಎಲ್ಲರೂ ಒಪ್ಪಿದ ಮೇಲೆ ಹೊರತುದಿ ಹಿಡಿದವನು ಸೊನ್ನೆಯನ್ನು ತಿರುಗಣಿ ಮಾಡಿಕೊಂಡು, ಬಾಗಿಲು ತೆರೆದ ಹಾಗೆ ಹಗ್ಗವನ್ನು ಬಲದಿಂದ ಎಡಕ್ಕೆ ನಡೆಸಿಕೊಂಡು ಹೋಗುತ್ತಾನೆ. ತರಗತಿಗೆ ಈಗ ಕಾಣುವುದು ಕಾರ್ಡುಗಳ ಬೆನ್ನು! ಬಲತುದಿಯಲ್ಲಿದ್ದ 8/9 ಈಗ ಎಡತುದಿಯಲ್ಲಿ -8/9 ಆಗಿ ನಿಂತಿದೆ. ಯಾರೂ ನಿಯಮ ಹೇಳಿಲ್ಲ, ಯಾವ ಕಾರ್ಡೂ ಕಿತ್ತು ಹಾಕಿಲ್ಲ. ಮೊದಲ ಸಲ ಹಗ್ಗ ತಿರುಗಿದಾಗ ಹಿಂದಿನ ಬೆಂಚಿನಿಂದ "ಓ!" ಎಂಬ ಉದ್ಗಾರ ಬಂತು, ಅದು ನನಗಿನ್ನೂ ನೆನಪಿದೆ.

ಹಗ್ಗದ ಬಗ್ಗೆ ಒಂದೆರಡು ಮಾತು. ಒಂದೇ ಕ್ಲಿಪ್ಪು ಹಾಕಿದರೆ ತಿರುಗಿಸುವಾಗ ಕಾರ್ಡು ತಾನೇ ಗಿರಕಿ ಹೊಡೆದು ಮತ್ತೆ ಧನ ಮುಖ ತೋರಿಸುತ್ತದೆ, ಮೊದಲ ದಿನ ಪೂರ್ತಿ ಗೊಂದಲವಾದದ್ದು ಇದರಿಂದಲೇ. ಎರಡು ಕ್ಲಿಪ್ಪು ಬೇಕೇ ಬೇಕು. ಸೆಣಬಿನ ಹಗ್ಗ ಜೋತು ಬೀಳುತ್ತದೆ, ನೈಲಾನ್ ಆಗಬೇಕು. 0.5, 0.50, 1/2 ಮೂರನ್ನೂ ಅಕ್ಕಪಕ್ಕ ಸಿಕ್ಕಿಸುತ್ತಾರೆ. ಅವು ಒಂದರ ಕೆಳಗೊಂದು ನೇತಾಡಬೇಕೆಂದು ನಾನು ಹೇಳಲಿಲ್ಲ. ಅಕ್ಕಪಕ್ಕ ಇಟ್ಟವರನ್ನು "ನಡುವೆ ಇರುವ ಜಾಗ ಎಷ್ಟು?" ಎಂದು ಕೇಳಿ ಕಾದೆ.

ಧನ ಮುಖದಲ್ಲಿ ಜಗಳ ಬಂದಾಗ ಮಾತ್ರ ಲೆಕ್ಕ. 7/8, 8/9 ಎರಡೂ ಒಂದರ ಹತ್ತಿರ. ಒಂದಕ್ಕೆ 1/8 ಕಡಿಮೆ, ಇನ್ನೊಂದಕ್ಕೆ 1/9 ಕಡಿಮೆ, ಮುಗಿಯಿತು. 5/8 ಮತ್ತು 0.6 ಬಂದರೆ 5/8 ಅನ್ನು 0.625 ಮಾಡುವುದೇ ಸುಲಭ. ಆದರೆ 2/3 ಮತ್ತು 0.67 ಬಂದರೆ ದಶಮಾಂಶಕ್ಕೆ ಹೋಗಬೇಡಿ. ಮಕ್ಕಳು ಭಾಗಿಸಿ, ಎರಡು ಸ್ಥಾನಕ್ಕೆ ಸರಿಪಡಿಸಿ, ಎರಡೂ ಸಮ ಎಂದುಬಿಡುತ್ತಾರೆ. 200/300, 201/300 ಎಂದು ಬರೆದರೆ 0.67 ಕೂದಲೆಳೆಯಷ್ಟು ಬಲಕ್ಕೆ ಬರುತ್ತದೆ. ಹಗ್ಗ ತಿರುಗಿದರೆ -0.67 ಅಷ್ಟೇ ಎಡಕ್ಕೆ. ಯಾವ ಛೇದ ಕಂಡಾಗ ಯಾವ ದಾರಿ ಎಂಬುದು ಒಂದು ವಾರದ ಅಭ್ಯಾಸದಲ್ಲಿ ಕೈಗೆ ಬರುತ್ತದೆ. ಒಂದನ್ನು ಮೀರಿದ ಸಂಖ್ಯೆಗಳಿಗೂ ಈ ತಿರುಗುವಿಕೆ ಮದ್ದು. -2.3 ಕೊಟ್ಟರೆ -2ಕ್ಕೆ ಹೋಗಿ ಅಲ್ಲಿಂದ ಬಲಕ್ಕೆ 0.3 ನಡೆದು -1.7ರಲ್ಲಿ ನಿಲ್ಲುವ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ. ಮೊದಲು 2.3 ಸಿಕ್ಕಿಸಿ ಆಮೇಲೆ ತಿರುಗಿಸಿದರೆ ಆ ತಪ್ಪಿಗೆ ಜಾಗವೇ ಇಲ್ಲ.

ಇನ್ನು ನನಗೆ ನಿದ್ದೆ ಕೆಡಿಸಿದ ವಿಷಯ. ವಿಧಾನ ಶುರು ಮಾಡುವ ಮುನ್ನ ಒಂದು ಚಿಕ್ಕ ಪರೀಕ್ಷೆ ಕೊಟ್ಟಿದ್ದೆ: -0.3 ಮತ್ತು -0.27ರಲ್ಲಿ ಯಾವುದು ದೊಡ್ಡದು? ಸುಮಾರು 25 ಮಂದಿ -0.27 ಎಂದು ಸರಿ ಬರೆದರು. ಹಿಗ್ಗಿದೆ. ಮಾರನೇ ದಿನ -0.3, -0.48 ಕೊಟ್ಟೆ. ಸರಿ ಬಂದದ್ದು ಹತ್ತೋ ಹನ್ನೊಂದೋ. ಅದೇ ಮಕ್ಕಳು, ಅದೇ ಲೆಕ್ಕ! ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಗುಟ್ಟು ಹೊರಬಿತ್ತು. ಬಹಳ ಮಕ್ಕಳಿಗೆ ಬಿಂದುವಿನ ನಂತರ ಅಂಕಿ ಹೆಚ್ಚಿದ್ದರೆ ಸಂಖ್ಯೆಯೂ ದೊಡ್ಡದು, 27 ಎಂಬುದು 3ಕ್ಕಿಂತ ದೊಡ್ಡದಲ್ಲವೇ. ಜೊತೆಗೆ ಋಣ ಚಿಹ್ನೆಯನ್ನು ಅವರು ನೋಡುವುದೇ ಇಲ್ಲ. ಒಂದು ತಪ್ಪು -0.27 ಅನ್ನು ಎಡಕ್ಕೆ ತಳ್ಳಬೇಕಿತ್ತು, ಎರಡನೇ ತಪ್ಪು ಅದನ್ನು ಬಲಕ್ಕೆ ಎಳೆದು ತಂದಿತು. ಎರಡು ತಪ್ಪು ಸೇರಿ ಒಂದು ಸರಿ ಉತ್ತರ!

ಈಗ ಎರಡೂ ಪ್ರಶ್ನೆಗಳನ್ನು ಜೋಡಿಯಾಗಿ ನೋಡಿ. ಎರಡೂ ಸರಿಯಾದವರು ಸರಿ. ಎರಡೂ ತಪ್ಪಿದವರಿಗೆ ದಶಮಾಂಶ ಚೆನ್ನಾಗಿ ಗೊತ್ತು, ಋಣದ ತಿರುವು ಒಂದೇ ಗೊತ್ತಿಲ್ಲ. ಮೊದಲನೆಯದು ಸರಿ, ಎರಡನೆಯದು ತಪ್ಪು ಎಂದರೆ ಹೆಚ್ಚಾಗಿ ಎರಡು ರೋಗವೂ ಇದೆ. ಅಂದರೆ ಸೊನ್ನೆ ಅಂಕ ಪಡೆದ ಮಗುವಿಗೆ ಒಂದೇ ರೋಗ, ಅರ್ಧ ಅಂಕ ಪಡೆದ ಮಗುವಿಗೆ ಎರಡು. ನಾವು ಇಷ್ಟು ವರ್ಷ ಯಾರನ್ನು ಹಿಂದುಳಿದವರು ಎಂದು ಬೇರೆ ಕೂರಿಸಿದೆವು ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸೊನ್ನೆ ಪಡೆದವರು ಹಗ್ಗ ಒಂದೆರಡು ಸಲ ತಿರುಗಿದ್ದು ನೋಡಿ ಸರಿಹೋದರು. ಅರ್ಧ ಅಂಕದವರಿಗೆ ಎರಡು ವಾರ ಬೇಕಾಯಿತು. ಬಿಂದುವಿನ ನಂತರ ಅಂಕಿ ಕಡಿಮೆಯಿದ್ದರೆ ಸಂಖ್ಯೆ ದೊಡ್ಡದು ಎನ್ನುವ ಇನ್ನೊಂದು ಗುಂಪೂ ಇದೆ, ದಶಾಂಶ ಶತಾಂಶಕ್ಕಿಂತ ದೊಡ್ಡದು ಎಂದು ಕೇಳಿ ಅಷ್ಟನ್ನೇ ಹಿಡಿದುಕೊಂಡವರು. ಇವರನ್ನು ಮೇಲಿನ ಜೋಡಿ ಬೇರ್ಪಡಿಸುವುದಿಲ್ಲ. ಅದಕ್ಕೆ ಮೂರನೆಯ ಜೋಡಿಯೊಂದನ್ನು ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಮೇಲಿನದನ್ನು ತಾಳೆ ನೋಡಿದವರಿಗೆ ತಾನಾಗಿ ಸಿಗುತ್ತದೆ.

'ಉದ್ದ ಇದ್ದರೆ ದೊಡ್ಡದು' ಎಂಬುದು ಬರುವುದೆಲ್ಲಿಂದ ಎಂದು ಹುಡುಕಿದೆ. ಒಬ್ಬ ಹುಡುಗ ಮೊಬೈಲಿನ ಆ್ಯಪ್ ಒಂದರ ಆವೃತ್ತಿ ಸಂಖ್ಯೆ (ವರ್ಷನ್) ತೋರಿಸಿದ: 1.9 ಆದ ಮೇಲೆ 1.10 ಬರುತ್ತದೆ. ಪುಸ್ತಕದ ಅಭ್ಯಾಸಗಳಲ್ಲೂ 3.9ರ ನಂತರ 3.10. ಅಲ್ಲಿರುವುದು ದಶಮಾಂಶ ಬಿಂದುವಲ್ಲ, ಎರಡು ಎಣಿಕೆಗಳನ್ನು ಬೇರೆ ಮಾಡುವ ಚುಕ್ಕೆ. ಇದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಲೇಬೇಕು.

ಇದಕ್ಕೆ ಮದ್ದು ಸಿಕ್ಕಿದ್ದು ಕಾರ್ಡು ಮುದ್ರಿಸಲು ಕೂತಾಗ. ಸ್ಪ್ರೆಡ್‌ಶೀಟ್‌ನಲ್ಲಿ 3/4 ಎಂದು ಬಡಿದರೆ ಅದು ತಾರೀಖು ಮಾಡಿಕೊಂಡಿತು. ಒಂದು ಕಟ್ಟು ರಟ್ಟು ಹಾಗೇ ಹಾಳು. ಬೇಸತ್ತು ಇಡೀ ಕಾಲಮ್ಮನ್ನು ಪಠ್ಯ ಎಂದು ಬದಲಾಯಿಸಿದೆ, ಹಾಗೇ ದಶಮಾಂಶಗಳನ್ನು ಏರಿಕೆಗೆ ಜೋಡಿಸಲು ಹೇಳಿದೆ. 0.125, 0.25, 0.5 ಸರಿಯಾಗಿ ಬಂದವು, -0.125, -0.25, -0.5 ಉಲ್ಟಾ ಬಂದವು. ಯಂತ್ರ ಅವನ್ನು ಪದಗಳ ಹಾಗೆ ಅಕ್ಷರ ಅಕ್ಷರ ಹೋಲಿಸಿತ್ತು. ನಿಘಂಟಿನ ಕ್ರಮ! ಬಿಂದುವಿನ ಎಡಭಾಗ ಒಂದೇ ಇದ್ದರೆ ಧನ ದಶಮಾಂಶಗಳು ನಿಘಂಟಿನ ಪದಗಳಂತೆಯೇ ನಿಲ್ಲುತ್ತವೆ. ನಿಘಂಟಿನಲ್ಲಿ ಯಾರೂ ಉದ್ದದ ಪದವನ್ನು ಕೊನೆಗೆ ಹುಡುಕುವುದಿಲ್ಲ, ಮೊದಲ ಅಕ್ಷರ ನೋಡುತ್ತಾರೆ. ಮರುದಿನ ನಿಘಂಟು ತಂದು ತೋರಿಸಿದೆ. ಎಡಭಾಗ ಬೇರೆಯಾದರೆ ಇದು ನಡೆಯದು, 10.2 ಹೋಗಿ 9.5ಕ್ಕಿಂತ ಮೊದಲೇ ನಿಲ್ಲುತ್ತದೆ ಎಂಬ ಎಚ್ಚರವನ್ನೂ ಜೊತೆಗೇ ಕೊಟ್ಟೆ.

ಇನ್ನೊಂದು ಪ್ರಯೋಗ ಪಾಠದ ಹೊರಗಿನದು. -3/5 ಮತ್ತು -4/7ರ ನಡುವೆ ಒಂದು ಕಾರ್ಡು ಸಿಕ್ಕಿಸಿ ಎಂದಾಗ ಒಬ್ಬಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ -7/12 ಬರೆದಳು. ಕೂಡಿಸುವ ಲೆಕ್ಕದಲ್ಲಿ ಇದು ಶುದ್ಧ ತಪ್ಪು, ನಡುವೆ ಇಡುವ ಲೆಕ್ಕದಲ್ಲಿ ಪೂರ್ತಿ ಸರಿ. ಛೇದಗಳು ಧನವಾಗಿದ್ದರೆ ಹೀಗೆ ಬಂದದ್ದು ಯಾವಾಗಲೂ ನಡುವೆಯೇ ಬೀಳುತ್ತದೆ. ಭೂವಿಜ್ಞಾನಿ ಜಾನ್ ಫೇರಿ 1816ರಲ್ಲಿ ಭಿನ್ನರಾಶಿಗಳ ಸಾಲಿನಲ್ಲಿ ಇಂಥದ್ದೇ ಗುಣವನ್ನು ಗಮನಿಸಿ ಪ್ರಕಟಿಸಿದ್ದ. ಆ ಹುಡುಗಿಗೆ ಇದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಅವತ್ತು ಅರ್ಧ ಗಂಟೆ ಬೇರೆ ಪಾಠವೇ ನಡೆಯಲಿಲ್ಲ, ನಡುವೆ ನಡುವೆ ಸಿಕ್ಕಿಸುತ್ತಲೇ ಹೋದರು.

ಪರೀಕ್ಷೆಯ ಕೋಣೆಯಲ್ಲಿ ಹಗ್ಗ ಇರಲಿಲ್ಲ. ಆದರೆ ಮೇಲ್ವಿಚಾರಣೆಗೆ ಹೋಗಿದ್ದ ಆ ಹಿರಿಯ ಮೇಷ್ಟ್ರು ಬಂದು, "ನಿಮ್ಮ ಮಕ್ಕಳು ಗಣಿತ ಬರೆಯುವಾಗ ಗಾಳಿಯಲ್ಲಿ ಕೈ ತಿರುಗಿಸ್ತಿದ್ರು, ಏನದು?" ಎಂದು ಕೇಳಿದರು. ಬಲಗೈಯನ್ನು ಎಡಕ್ಕೆ ತೆರೆದು ತೋರಿಸಿದೆ. ಅವರು ಒಂದು ಕಾಗದದಲ್ಲಿ (-3)/(-4) ಎಂದು ಬರೆದು, ಇದನ್ನು ಹೇಗೆ ತಿರುಗಿಸುತ್ತೀರಿ ಎಂದರು. ಆ ಪ್ರಶ್ನೆ ನಾನು ಮಕ್ಕಳ ಮುಂದೆ ಆವರೆಗೆ ಇಟ್ಟಿರಲಿಲ್ಲ, ಮಧ್ಯಾಹ್ನದ ತರಗತಿಯಲ್ಲಿ ಇಟ್ಟೆ. ಮೂರನೇ ಬೆಂಚಿನ ಹುಡುಗನೊಬ್ಬ ಕೈಯನ್ನು ಎಡಕ್ಕೆ ತಿರುಗಿಸಿದ, ಒಂದು ಕ್ಷಣ ನಿಲ್ಲಿಸಿದ, ಹಾಗೇ ಬಲಕ್ಕೆ ವಾಪಸ್ ತಂದ. "ಎರಡು ಸಲ ತಿರುಗಿತು ಮಿಸ್, 0.75."